ಮಕ್ಕಳ ಮನಸ್ಸಿಗೆ ಆಟದ ಚಿಕಿತ್ಸೆ: ಮನೆಯ ಅರ್ಧ ಗಂಟೆಯಲ್ಲಿ ಏನಾಗಬೇಕು, ಏನಾಗಬಾರದು

ಶಾಲೆಯಂಗಳ

ನಮಸ್ಕಾರ. ನಾಲ್ಕರಿಂದ ಒಂಬತ್ತು ವರ್ಷದ ಮಕ್ಕಳ ಬಗ್ಗೆ ಕೇಳ್ತಿದ್ದೀನಿ. ಮನೇಲಿ ಯಾರೋ ತೀರಿಕೊಂಡಿರ್ತಾರೆ, ಅಪ್ಪ-ಅಮ್ಮ ಬೇರೆಯಾಗಿರ್ತಾರೆ, ತಮ್ಮನೋ ತಂಗಿಯೋ ಹುಟ್ಟಿರುತ್ತೆ, ಇಲ್ಲಾ ಮಗುವೇ ಆಸ್ಪತ್ರೇಲಿ ಮಲಗಿ ಎದ್ದು ಬಂದಿರುತ್ತೆ. ಆಮೇಲೆ ಶುರು: ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡೋದು ಮತ್ತೆ ಬರುತ್ತೆ, ಶಾಲೆ ಗೇಟಲ್ಲಿ ಅಮ್ಮನ ಸೆರಗು ಬಿಡಲ್ಲ, ಪಕ್ಕದ ಹುಡುಗನನ್ನ ಕಚ್ಚುತ್ತೆ. ಯಾಕೆ ಅಂದ್ರೆ ತುಟಿ ಬಿಚ್ಚಲ್ಲ. ‘ಪ್ಲೇ ಥೆರಪಿ ಕೊಡಿಸಿ’ ಅಂತ ಹೇಳಿ ಕಳಿಸೋದು ಸುಲಭ, ಆದರೆ ತಾಲ್ಲೂಕು ಮಟ್ಟದಲ್ಲಿ ಅದನ್ನ ಮಾಡೋರು ಸಿಗಲ್ಲ. ತಂದೆತಾಯಿ ಮನೇಲೇ ಮಾಡಬಹುದಾದದ್ದು ಎಷ್ಟು? ಯಾವ ಸಾಮಾನು, ಎಷ್ಟು ಹೊತ್ತು, ಯಾವ ಮಾತು? ಎಲ್ಲಿಗೆ ಕೈ ಬಿಟ್ಟು ಡಾಕ್ಟರ ಹತ್ರ ಹೋಗಬೇಕು? ‘ಪ್ರೀತಿಯಿಂದ ನೋಡಿಕೊಳ್ಳಿ’ ಅನ್ನೋ ಥರದ ಉತ್ತರ ಬೇಡ, ದಯವಿಟ್ಟು.

ಮನೋಗತ

ಮೊದಲು ಒಂದು ಗೊಂದಲ ಬಿಡಿಸೋಣ. ‘ಪ್ಲೇ ಥೆರಪಿ’ ಬೋರ್ಡಿರೋ ಎಷ್ಟೋ ಸೆಂಟರ್‌ಗಳಲ್ಲಿ ನಡೆಯೋದು ಮಣಿ ಪೋಣಿಸೋದು, ಬಣ್ಣ ಗುರುತಿಸೋದು, ಸರದಿ ಕಾಯೋದು. ಅದು ಆಟದ ಮೂಲಕ ಕೌಶಲ ಕಲಿಸೋ ಕೆಲಸ. ಬೆಳವಣಿಗೆ ತಡವಾದ ಮಕ್ಕಳಿಗೆ ಬೇಕಾದದ್ದೇ, ಆದರೆ ನೀವು ಕೇಳ್ತಿರೋದು ಅದಲ್ಲ. ನೀವು ಕೇಳ್ತಿರೋದರಲ್ಲಿ ದೊಡ್ಡವರು ಏನನ್ನೂ ಕಲಿಸಲ್ಲ. ಮಗು ಆಟ ಆರಿಸುತ್ತೆ, ಕಟ್ಟುತ್ತೆ, ಕೆಡವುತ್ತೆ. ದೊಡ್ಡವರು ಕಂಡದ್ದನ್ನ ಮಾತಲ್ಲಿ ಹೇಳ್ತಾರೆ, ಭಾವನೆಗೆ ಹೆಸರು ಕೊಡ್ತಾರೆ, ಪೆಟ್ಟಾಗೋ ಹಾಗಿದ್ರೆ ತಡೀತಾರೆ. ಅಷ್ಟೇ.

ಈ ದಾರಿಗೆ ಅಡಿಪಾಯ ಹಾಕಿದವರು ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್, 1947ರಲ್ಲಿ ಎಂಟು ಸೂತ್ರಗಳಾಗಿ. 1960ರ ದಶಕದಲ್ಲಿ ಬರ್ನಾರ್ಡ್ ಮತ್ತು ಲೂಯಿಸ್ ಗರ್ನಿ ದಂಪತಿ ಇನ್ನೊಂದು ಹೆಜ್ಜೆ ಇಟ್ಟರು: ತಂದೆತಾಯಿಗೇ ತರಬೇತಿ ಕೊಟ್ಟು ಅವರ ಕೈಯಲ್ಲೇ ಆಟದ ಅವಧಿ ನಡೆಸೋದು. ಗ್ಯಾರಿ ಲ್ಯಾಂಡ್ರೆತ್ ಅದನ್ನ 10 ವಾರದ ತರಬೇತಿಗೆ ಇಳಿಸಿದರು, ಸಿಪಿಆರ್‌ಟಿ ಅಂತಾರೆ. ವಾರಕ್ಕೊಮ್ಮೆ 30 ನಿಮಿಷ, ಒಂದೇ ಮಗು, ಒಬ್ಬರೇ ದೊಡ್ಡವರು. ಮನೇಲಿ ಮಾಡೋಕೆ ಆಗೋದು ಇದೇ.

ಯಾಕೆ ಕೆಲಸ ಮಾಡುತ್ತೆ? ಹತ್ತು-ಹನ್ನೊಂದು ವರ್ಷದವರೆಗೆ ‘ನನಗೆ ಹೀಗನ್ನಿಸ್ತಿದೆ, ಇದಕ್ಕಾಗಿ’ ಅಂತ ಬಿಡಿಸಿ ಹೇಳೋ ಶಕ್ತಿ ಪೂರ್ತಿ ಬಂದಿರಲ್ಲ. ಆಸ್ಪತ್ರೇಲಿ ನಾಲ್ಕು ಜನ ಹಿಡ್ಕೊಂಡು ಚುಚ್ಚಿಸಿಕೊಂಡ ಮಗು ಆಟದಲ್ಲಿ ತಾನೇ ಡಾಕ್ಟರಾಗಿ ಕರಡಿಗೆ ಚುಚ್ಚುತ್ತೆ. ಅವತ್ತು ಇಲ್ಲದಿದ್ದ ಹಿಡಿತ ಇವತ್ತು ಅದರ ಕೈಗೆ ಬಂತು. ಹೆದರೋದು ಕರಡಿ, ತಾನಲ್ಲ, ಹಾಗಾಗಿ ತಾಳಿಕೊಳ್ಳಬಹುದಾದಷ್ಟು ದೂರವೂ ಸಿಕ್ಕಿತು. ತಡೆಯೋಕಾಗದೇ ಹೋದ್ರೆ ಕಿಟ್ ಪಕ್ಕಕ್ಕಿಟ್ಟು ಅಡುಗೆ ಆಟಕ್ಕೆ ಹೋಗುತ್ತೆ. ಎಷ್ಟು ಸಾಕು ಅನ್ನೋದನ್ನ ಮಗುವೇ ತೀರ್ಮಾನ ಮಾಡುತ್ತೆ, ನಾವಲ್ಲ.

ಆಟಿಕೆ ಟ್ರಂಕು

ಸಾಮಾನಿನ ವಿಚಾರ ನಾನು ಬರೀತೀನಿ. ಒಂದು ತಗಡಿನ ಟ್ರಂಕು ಅಥವಾ ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬ ಸಾಕು. ಮೂರು ಥರದ ಸಾಮಾನು ಇರಬೇಕು.

ಮನೆ-ಬದುಕಿನವು: ಪುಟ್ಟ ಅಡುಗೆ ಸೆಟ್ (ಒಲೆ, ಪಾತ್ರೆ, ನಾಲ್ಕು ಲೋಟ), ಮಗುವಿನ ಗೊಂಬೆ ಮತ್ತು ಹಾಲಿನ ಬಾಟಲಿ, ಬಟ್ಟೆಯ ಅಥವಾ ಮರದ ಕುಟುಂಬ ಗೊಂಬೆಗಳು, ಡಾಕ್ಟರ್ ಕಿಟ್, ಎರಡು ಆಟದ ಫೋನ್, ಆಟದ ದುಡ್ಡು, ಒಂದು ಆಂಬುಲೆನ್ಸ್, ಒಂದು ಬಸ್ಸು. ಕುಟುಂಬದ ಸೆಟ್ ಅಂಗಡಿಯಲ್ಲಿ ಅಪ್ಪ-ಅಮ್ಮ-ಇಬ್ಬರು ಮಕ್ಕಳಿಗೆ ಮುಗಿದಿರುತ್ತೆ. ನಮ್ಮ ಮನೆಗಳಿಗೆ ಅಜ್ಜ, ಅಜ್ಜಿ, ತೊಟ್ಟಿಲ ಕೂಸು ಬೇಕೇ ಬೇಕು. ಚನ್ನಪಟ್ಟಣದ ಮರದ ಗೊಂಬೆ ಚೆನ್ನಾಗಿ ಬಾಳುತ್ತೆ, ಬಾಯಿಗಿಟ್ಟರೂ ಚಿಂತೆ ಕಡಿಮೆ. ಆದರೆ ಚೂಪು ತುದಿ ಇಲ್ಲದ್ದು ನೋಡಿ ತಗೊಳ್ಳಿ.

ಸಿಟ್ಟು-ಭಯದವು: ರಬ್ಬರ್ ಹಾವು, ಮೊಸಳೆ ಅಥವಾ ಡೈನೋಸಾರ್, ಬಟ್ಟೆ ತುಂಬಿದ ಕತ್ತಿ, ಒಬ್ಬ ಪೊಲೀಸು, ಏಳೆಂಟು ಸೈನಿಕರು, ಒಂದು ಮುಖವಾಡ, ಎರಡು ಮೀಟರ್ ಮೆತ್ತನೆ ಹಗ್ಗ, ಗುದ್ದೋಕೆ ಒಂದು ದಿಂಬು. ಆಟದ ಪಿಸ್ತೂಲು ಹಾಕಿದ್ರೆ ಬಣ್ಣಬಣ್ಣದ್ದು, ನಿಜದ್ದರಂತೆ ಕಾಣದ್ದು ಇರಲಿ.

ಕೈಕೆಲಸದವು: ಎಂಟು ಬಣ್ಣದ ಕ್ರಯಾನ್, ಬಿಳಿ ಹಾಳೆ, ಮೊಂಡು ಕತ್ತರಿ, ಅಂಟು, ಜೇಡಿಮಣ್ಣು. ಗಣೇಶನ ಹಬ್ಬದ ಹೊತ್ತಲ್ಲಿ ಕುಂಬಾರರ ಹತ್ರ ಎರಡು ಕೆಜಿ ತಂದು ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ತಿಂಗಳುಗಟ್ಟಲೆ ಬರುತ್ತೆ. ಇಲ್ಲದಿದ್ರೆ ಮೈದಾ ಹಿಟ್ಟು: ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಎರಡು ಚಮಚ ಎಣ್ಣೆ, ಸ್ವಲ್ಪ ಸ್ವಲ್ಪವೇ ನೀರು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ನಾದೋದು. ಮಳೆಗಾಲದಲ್ಲಿ ವಾರದೊಳಗೆ ಬದಲಾಯಿಸಿ.

ಹಾಕಬಾರದ್ದು: ಬ್ಯಾಟರಿ ಆಟಿಕೆ (ಅದೇ ಮಾತಾಡಿ ಅದೇ ಕುಣಿದರೆ ಮಗುವಿಗೆ ಮಾಡೋಕೆ ಏನುಳಿಯಿತು?), ಟ್ಯಾಬ್, ಪುಸ್ತಕ, ತುಂಡು ಕಳೆದುಹೋದ ಪಜಲ್, ದುಬಾರಿ ಸಾಮಾನು. ಮುರಿದದ್ದನ್ನ ಅವತ್ತೇ ತೆಗೆದುಬಿಡಿ. ಚೌಕಾಬಾರ, ಅಳಗುಳಿ ಮಣೆ ಒಳ್ಳೆ ಆಟಗಳೇ, ಆದರೆ ನಿಯಮ ಇರೋ ಆಟದಲ್ಲಿ ಕಥೆ ಹುಟ್ಟೋದು ಕಡಿಮೆ. ಎಂಟು-ಒಂಬತ್ತು ದಾಟಿದವರಿಗೆ ಒಂದಿಟ್ಟರೆ ತೊಂದರೆ ಇಲ್ಲ.

ಟ್ರಂಕು ತೆರೆಯೋದು ಆ ಅರ್ಧ ಗಂಟೆಗೆ ಮಾತ್ರ. ಇಡೀ ವಾರ ಬಿದ್ದಿದ್ದ ಆಟಿಕೆಗೆ ಆ ತೂಕ ಬರಲ್ಲ. ಪಕ್ಕದ ಮನೆ ಮಗು ಬಂದಾಗ ‘ಕೊಡು, ಆಡ್ಲಿ’ ಅಂತ ತೆಗೆದುಕೊಟ್ಟರಂತೂ ಕೆಟ್ಟಿತು.

ಸಾಧನಕೇರಿ

ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹುಡುಗರು ಆಡೂದನ್ನ ಎದುರಿಗೆ ಕುಂತು ನೋಡೂದಕ್ಕ ಥೆರಪಿ ಅನ್ನೂದಾದ್ರ, ನಮ್ಮ ಓಣ್ಯಾಗ ಕಟ್ಟಿ ಮ್ಯಾಲ ಕುಂತ ಅಜ್ಜಗೋಳು ಎಲ್ಲಾರೂ ಥೆರಪಿಸ್ಟ್ ಆಗಬೇಕಿತ್ತಲ್ಲ? ಆ ಅರ್ಧ ತಾಸಿನ್ಯಾಗ ದೊಡ್ಡವರು ಖರೇನ ಮಾಡೂದೇನು ಹೇಳ್ರಿ. ಮತ್ತ ಪಿಸ್ತೂಲು, ಕತ್ತಿ ಕೈಯಾಗ ಕೊಟ್ರ ಹುಡುಗ ಇನ್ನಷ್ಟು ಜಗಳಗಂಟ ಆಗಂಗಿಲ್ಲೇನು?

ಮನೋಗತ

ಸಾಧನಕೇರಿ ಸರ್, ಕಟ್ಟೆ ಮೇಲಿನ ಅಜ್ಜ ‘ಏಯ್, ಹಂಗಲ್ಲೋ, ಹಿಂಗ’ ಅಂತಾರಲ್ಲ, ಅದನ್ನ ಬಿಡೋದೇ ಇಲ್ಲಿನ ಅರ್ಧ ಕೆಲಸ. ಅರ್ಧ ಗಂಟೆ ಪ್ರಶ್ನೆ ಕೇಳದೆ, ಬುದ್ಧಿ ಹೇಳದೆ, ತಿದ್ದದೆ, ಹೊಗಳದೆ ಇರೋದು ಎಷ್ಟು ಕಷ್ಟ ಅಂತ ಐದು ನಿಮಿಷ ರೆಕಾರ್ಡ್ ಮಾಡಿ ಕೇಳಿದ್ರೆ ಗೊತ್ತಾಗುತ್ತೆ. ಸಾಮಾನ್ಯವಾಗಿ ಮೊದಲ ಸಲ ಬಾಯಿಂದ ಬರೋದೆಲ್ಲ ‘ಇದೇನು? ಯಾವ ಬಣ್ಣ? ಇದನ್ನ ಯಾಕೆ ಇಲ್ಲಿಟ್ಟೆ?’ ಅಂತ ಪರೀಕ್ಷೆಯೇ.

ಹಂತಗಳು ಹೀಗೆ:

ದಿನ ಮತ್ತು ಹೊತ್ತು ಗೊತ್ತುಪಡಿಸಿ, ಉದಾಹರಣೆಗೆ ಭಾನುವಾರ ಹತ್ತೂವರೆ. ನಿದ್ದೆ, ಊಟ, ಕಾರ್ಟೂನಿನ ಹೊತ್ತಿಗೆ ಅಡ್ಡ ಬರಬಾರದು. ನೆಲಕ್ಕೆ ಒಂದು ಜಮಖಾನ ಹಾಸಿ. ಅದೇ ಆಟದ ಕೋಣೆ, ಪ್ರತ್ಯೇಕ ರೂಮು ಬೇಕಿಲ್ಲ. ಆಟಿಕೆಗಳನ್ನ ಪ್ರತಿ ಸಲ ಒಂದೇ ಕ್ರಮದಲ್ಲಿ ಜೋಡಿಸಿ. ಫೋನ್ ಸೈಲೆಂಟ್ ಅಲ್ಲ, ಆಫ್. ಮಗುವನ್ನ ಮೊದಲೇ ಬಾತ್‌ರೂಮಿಗೆ ಕಳಿಸಿ. ಇನ್ನೊಂದು ಮಗು ಇದ್ರೆ ಅದನ್ನ ನೋಡಿಕೊಳ್ಳೋಕೆ ಯಾರಾದ್ರೂ ಇರಲೇಬೇಕು. ಬಾಗಿಲ ಹೊರಗೆ ಅಳ್ತಿರೋ ತಮ್ಮ ಇಡೀ ಅವಧಿಯನ್ನ ನುಂಗಿಹಾಕ್ತಾನೆ.

ಶುರುವಿಗೆ ಒಂದೇ ವಾಕ್ಯ: ‘ಇದು ನಮ್ಮಿಬ್ಬರ ಆಟದ ಹೊತ್ತು. ಇಲ್ಲಿ ಈ ಆಟಿಕೆಗಳ ಜೊತೆ ನಿಂಗಿಷ್ಟ ಬಂದ ಹಾಗೆ ತುಂಬಾ ಥರ ಆಡಬಹುದು.’ ‘ಏನು ಬೇಕಾದ್ರೂ ಮಾಡು’ ಅನ್ನಬೇಡಿ. ಅದು ಸುಳ್ಳು, ಮಗು ಮೊದಲ ಹತ್ತು ನಿಮಿಷದಲ್ಲೇ ಪರೀಕ್ಷೆ ಮಾಡಿಬಿಡುತ್ತೆ.

ಆಮೇಲೆ ನೆಲದ ಮೇಲೆ ಕೂತು, ಮೊಣಕಾಲು ಮಗುವಿನ ಕಡೆ ಇರೋ ಹಾಗೆ ತಿರುಗಿ, ಕಂಡದ್ದನ್ನ ಹೇಳಿ. ‘ಅದನ್ನ ಅದರೊಳಗೆ ಹಾಕಿದೆ.’ ‘ಈಗ ಎಲ್ಲಾನೂ ಸಾಲಾಗಿ ನಿಲ್ಲಿಸ್ತಿದೀಯ.’ ಮಗು ಹೆಸರಿಡೋ ತನಕ ವಸ್ತುವಿಗೆ ಹೆಸರಿಡಬೇಡಿ. ನಮಗೆ ಬಸ್ಸಾಗಿ ಕಂಡದ್ದು ಅದಕ್ಕೆ ಆಸ್ಪತ್ರೆ ಇರಬಹುದು. ಗೊಂಬೆ ಗಂಡೋ ಹೆಣ್ಣೋ ಅಂತ ಮಗು ಹೇಳೋವರೆಗೂ ‘ಅವನು, ಅವಳು’ ಬೇಡ.

ಭಾವನೆ ಕಂಡಾಗ ಭಾವನೆ ಹೇಳಿ: ‘ಎಷ್ಟು ಸಲ ಇಟ್ಟರೂ ಬೀಳ್ತಿದೆ, ನಿಂಗೆ ರೇಗ್ತಿದೆ.’ ‘ಪಾಪುಗೆ ಒಬ್ಬನೇ ಇರೋಕೆ ಭಯ ಆಗ್ತಿದೆ.’ ಎರಡನೆಯದರಲ್ಲಿ ಪಾಪು ಅಂದದ್ದು ಗೊಂಬೆಗೆ. ಅದನ್ನ ಹಿಡ್ಕೊಂಡು ‘ನಿಂಗೂ ಹಾಗೇ ಆಗುತ್ತಾ ಕಂದ?’ ಅಂತ ಕೇಳಿದ್ರೆ ಗೊಂಬೆ ಅಲ್ಲೇ ಬಿತ್ತು, ಆಟ ನಿಂತಿತು. ಮಗು ಬೇಕಂತ ಮಾಡಿಕೊಂಡಿದ್ದ ದೂರವನ್ನ ನಾವು ಅಳಿಸಿ ಹಾಕಿದೆವು.

ಮಗು ‘ನೀನು ಟೀಚರ್ ಆಗು’ ಅಂದ್ರೆ, ಪಿಸುದನಿಯಲ್ಲಿ ‘ಟೀಚರ್ ಈಗ ಏನು ಮಾಡ್ಬೇಕು?’ ಅಂತ ಕೇಳಿ, ಹೇಳಿದಷ್ಟೇ ಮಾಡಿ. ಕೇಳಬಹುದಾದ ಪ್ರಶ್ನೆ ಇದೊಂದೇ.

ಮುಗಿಯೋಕೆ ಐದು ನಿಮಿಷ ಇರುವಾಗ ಹೇಳಿ, ಒಂದು ನಿಮಿಷ ಇರುವಾಗ ಮತ್ತೆ ಹೇಳಿ. ಹೊತ್ತಾದ ಮೇಲೆ ಎದ್ದು ನಿಲ್ಲಿ: ‘ಇವತ್ತಿನ ಹೊತ್ತು ಮುಗೀತು.’ ಚೆನ್ನಾಗಿ ಆಡ್ತಿದೆ ಅಂತ ಹತ್ತು ನಿಮಿಷ ಎಳೆಯೋದು ತಪ್ಪು. ಮುಂದಿನ ವಾರ ಅಳೋದು ಅದಕ್ಕೇ. ಸಾಮಾನು ಎತ್ತಿಡೋ ಕೆಲಸ ನಿಮ್ಮದು, ಮಗು ಕೈಜೋಡಿಸಿದ್ರೆ ಸಂತೋಷ.

ಗುಬ್ಬಿಗೂಡು

ಕತ್ತಿ-ಪಿಸ್ತೂಲಿನ ಪ್ರಶ್ನೆಗೆ ಉತ್ತರ ಬರಲಿಲ್ಲ. ‘ದಿಂಬಿಗೆ ಗುದ್ದಿದ್ರೆ ಸಿಟ್ಟು ಹೊರಗೆ ಹೋಗುತ್ತೆ’ ಅನ್ನೋ ಮಾತನ್ನ ಇನ್ನೂ ವರ್ಕ್‌ಶಾಪ್‌ಗಳಲ್ಲಿ ಹೇಳ್ತಾರೆ. ಬ್ರಾಡ್ ಬುಶ್‌ಮನ್ 2002ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವರನ್ನೇ ನೆನೀತಾ ಪಂಚಿಂಗ್ ಬ್ಯಾಗ್‌ಗೆ ಗುದ್ದಿದವರ ಸಿಟ್ಟು ಹೆಚ್ಚೇ ಆಯ್ತು. ಸಾಧನಕೇರಿ ಅವರ ಅನುಮಾನದಲ್ಲಿ ಹುರುಳಿದೆ.

ಮನೋಗತ

ಒಪ್ಪುತ್ತೀನಿ. ದಿಂಬು ಇರೋದು ಸಿಟ್ಟು ಖಾಲಿ ಮಾಡೋಕಲ್ಲ, ಮಿತಿ ಹಾಕುವಾಗ ಬೇರೆ ದಾರಿ ತೋರಿಸೋಕೆ. ಮಗುವಿಗೆ ಸಿಟ್ಟು ಬರಬಹುದು, ಆದರೆ ಅದರಿಂದ ಯಾರಿಗೂ ಪೆಟ್ಟಾಗಬಾರದು, ಅದನ್ನ ಕಲಿಯೋ ಜಾಗ ಇದು. ಮೂರು ಹೆಜ್ಜೆ, ಕ್ರಮ ತಪ್ಪಬಾರದು.

ಮಗು ಕತ್ತಿ ಎತ್ತಿ ನಿಮ್ಮ ತಲೆಗೆ ಗುರಿ ಇಟ್ಟಿದೆ ಅನ್ನಿ. ‘ನಿಂಗೆ ನನ್ಮೇಲೆ ತುಂಬಾ ಸಿಟ್ಟು ಬಂದಿದೆ.’ ‘ನಾನಿರೋದು ಹೊಡೆಸ್ಕೊಳ್ಳೋಕಲ್ಲ.’ ‘ಆ ದಿಂಬು ನಾನೇ ಅಂದ್ಕೊಂಡು ಅದಕ್ಕೆ ಹೊಡೀಬಹುದು.’ ಮೂರೂ ಒಂದೇ ಉಸಿರಿನಲ್ಲಿ, ದನಿ ಏರಿಸದೆ, ಬೆರಳಿಂದ ದಿಂಬು ತೋರಿಸ್ತಾ. ಮೊದಲ ವಾಕ್ಯ ಬಿಟ್ಟು ನೇರ ಎರಡನೆಯದಕ್ಕೆ ಹಾರೋದೇ ಎಲ್ಲರೂ ಮಾಡೋ ತಪ್ಪು. ಆಗ ಅದು ಬರೀ ಗದರಿಕೆ. ಇನ್ನೊಂದು, ‘ಹೊಡೀಬಾರ್ದು, ಅಲ್ವಾ?’ ಅಂತ ಬಾಲ ಸೇರಿಸೋದು. ಮಿತಿಯಲ್ಲಿ ‘ಅಲ್ವಾ, ಓಕೆನಾ’ ಇರಬಾರದು. ಇದೇ ಮೂರು ವಾಕ್ಯ ಇನ್ನೆರಡು ಸಲ ಹೇಳಿದ ಮೇಲೂ ನಿಲ್ಲದಿದ್ರೆ: ‘ಮತ್ತೆ ನನಗೆ ಹೊಡೆಯೋಕೆ ಬಂದ್ರೆ, ಇವತ್ತು ಕತ್ತಿ ಬೇಡ ಅಂತ ನೀನೇ ಆರಿಸ್ಕೊಂಡ ಹಾಗೆ.’ ಬಂದ್ರೆ ಕತ್ತಿ ಟ್ರಂಕಿಗೆ ಹೋಗಬೇಕು. ಹೇಳಿ ಸುಮ್ಮನಾದ್ರೆ ಮುಂದಿನ ನಾಲ್ಕು ವಾರ ಅದೇ ಕಥೆ.

ಮಿತಿ ಕಡಿಮೆ ಇರಲಿ: ನಿನಗೂ ಪೆಟ್ಟಾಗಬಾರದು, ನನಗೂ ಆಗಬಾರದು, ಗೋಡೆ-ಟಿವಿ ಹಾಳಾಗಬಾರದು, ಹೊತ್ತು ಮುಗಿದ ಮೇಲೆ ಮುಗೀತು. ‘ಮಣ್ಣು ಜಮಖಾನಕ್ಕೆ ಮೆತ್ಕೋಬಾರ್ದು’ ಅನ್ನೋದೂ ಸೇರಿದ್ರೆ ಹಳೇ ಜಮಖಾನ ಹಾಸಿ, ಆ ಮಿತಿಯೇ ಬೇಡ.

ಗುಬ್ಬಿಗೂಡು

ಹೊಗಳಬಾರದು ಅನ್ನೋದನ್ನ ಮಾತ್ರ ನಾನು ಪೂರ್ತಿ ಒಪ್ಪಲ್ಲ. ಮಗುವಿನ ತೊಂದರೆ ದುಃಖ-ಭಯದ್ದಲ್ಲ, ಹೊಡೆಯೋದು, ಹಟ, ಮಾತು ಕೇಳದಿರೋದು ಅಂತಾದರೆ ಶೀಲಾ ಐಬರ್ಗ್ ರೂಪಿಸಿದ ಪಿಸಿಐಟಿಗೆ (ಮಗುವಿನ ಜೊತೆ ಆಡೋ ರೀತಿಯನ್ನ ತಂದೆತಾಯಿಗೆ ಕಲಿಸೋ ಪದ್ಧತಿ) ಹೆಚ್ಚು ಗಟ್ಟಿ ಆಧಾರ ಇದೆ. 2ರಿಂದ 7 ವರ್ಷದವರಿಗೆ. ಅಲ್ಲೂ ಮಗುವೇ ಆಟದ ಯಜಮಾನ, ಅಲ್ಲೂ ಪ್ರಶ್ನೆ, ಅಪ್ಪಣೆ, ಟೀಕೆ ಬೇಡ. ಆದರೆ ಹೊಗಳಿಕೆ ಬೇಕು, ಅದೂ ಯಾವುದಕ್ಕೆ ಅಂತ ಬಿಡಿಸಿ: ‘ಜಾಣ’ ಅಲ್ಲ, ‘ಲೋಟಾನ ಮೆಲ್ಲಗೆ ಇಟ್ಟೆಯಲ್ಲ, ಚೆನ್ನಾಗಿತ್ತು’. ತರಬೇತಿ ಪಡೆಯೋ ತಾಯಿ ಅಥವಾ ತಂದೆ ಐದು ನಿಮಿಷದಲ್ಲಿ ಇಂಥ 10 ಹೊಗಳಿಕೆ, ಮಗುವಿನ ಮಾತನ್ನ ತಿರುಗಿ ಹೇಳೋದು 10, ಮಗು ಮಾಡ್ತಿರೋದನ್ನ ವರ್ಣಿಸೋದು 10, ಪ್ರಶ್ನೆ-ಅಪ್ಪಣೆ-ಟೀಕೆ ಒಟ್ಟು ಮೂರಕ್ಕಿಂತ ಹೆಚ್ಚಿಲ್ಲ, ಅನ್ನೋ ಮಟ್ಟ ಮುಟ್ಟಿದ ಮೇಲೇ ಮುಂದಿನ ಹಂತ. ವಾರಕ್ಕೊಮ್ಮೆ ಅರ್ಧ ಗಂಟೆ ಅಲ್ಲ, ದಿನಾ ಐದು ನಿಮಿಷ. ಕೂಲಿ ಕೆಲಸಕ್ಕೋ ಪಾಳಿ ಕೆಲಸಕ್ಕೋ ಹೋಗೋ ಮನೆಗಳಿಗೆ ಈ ಲೆಕ್ಕ ಹೊಂದುತ್ತೆ.

ಮನೋಗತ

ಎರಡನ್ನೂ ಒಂದೇ ಅವಧಿಯಲ್ಲಿ ಬೆರೆಸಬೇಡಿ, ಅಷ್ಟೇ ನನ್ನ ತಕರಾರು. ‘ಚೆಂದದ ಮನೆ ಕಟ್ಟಿದೆ’ ಅಂದ ಕ್ಷಣ, ಆ ಮನೇನ ಸುಟ್ಟು ಹಾಕಬೇಕು ಅಂತಿದ್ದ ಮಗು ಅಮ್ಮನಿಗೆ ಬೇಜಾರಾಗುತ್ತೆ ಅಂತ ಸುಮ್ಮನಾಗುತ್ತೆ. ಹಟದ ಮಗುವಿಗೆ ಗುಬ್ಬಿಗೂಡು ಹೇಳಿದ್ದು ಸರಿ. ದುಃಖ, ಭಯ, ಬೇರ್ಪಡಿಕೆ ಇದ್ದರೆ ನಾನು ಬರೆದದ್ದು.

ತುಂಗೆಯ ತೀರ

ಶಾಲೆಯಂಗಳ ಅವರೆ, ಸಾವಿನ ಮಾತು ಬಂದಿದ್ದರಿಂದ ಇದನ್ನ ಬರೀತಿದ್ದೀನಿ. ಅಜ್ಜ ಹೋದ ಮನೇಲಿ ಆರು ವರ್ಷದ ಮಗು ಚಟ್ಟದ ಆಟ ಆಡುತ್ತೆ. ಎರಡು ಸ್ಕೇಲ್ ಅಡ್ಡ, ಎರಡು ಉದ್ದ, ಮೇಲೆ ಗೊಂಬೆ, ಗೊಂಬೆಗೆ ಕರ್ಚೀಫು. ನಾಲ್ಕು ಗೊಂಬೆ ಹೊತ್ಕೊಂಡು ಹೋಗ್ತವೆ. ಕಂಡ ತಕ್ಷಣ ದೊಡ್ಡವರು ‘ಥೂ, ಬಿಡ್ತು ಅನ್ನು!’ ಅಂತ ಕಿತ್ತು ಒಗೀತಾರೆ. ಮಗು ಬಿಡ್ತು ಅನ್ನುತ್ತೆ, ಆಟವನ್ನೂ ಬಿಡುತ್ತೆ. ರಾತ್ರಿ ಒಬ್ಬನೇ ಮಲಗೋದನ್ನೂ ಬಿಡುತ್ತೆ.

ಆ ಆಟ ಅಪಶಕುನ ಅಲ್ಲ, ರೋಗದ ಗುರುತೂ ಅಲ್ಲ. ಸುತ್ತ ಎಲ್ಲರೂ ಅಳುವಾಗ, ಪಕ್ಕದ ಮನೇಲಿ ಕೂರಿಸಿದ್ದ ಮಗು ಕಿಟಕಿಯಿಂದ ಅರ್ಧ ಕಂಡದ್ದನ್ನ ಜೋಡಿಸಿಕೊಳ್ತಿದೆ. ಟ್ರಂಕಿಗೆ ಒಂದು ಬಿಳಿ ಬಟ್ಟೆ ತುಂಡು, ಮುಚ್ಚಳ ಇರೋ ಸಣ್ಣ ಪೆಟ್ಟಿಗೆ ಹಾಕಿ. ಆಟ ನಡೆದಾಗ ‘ಎಲ್ಲರೂ ಸೇರಿ ಹೊತ್ಕೊಂಡು ಹೋಗ್ತಿದಾರೆ’ ಅನ್ನಿ ಸಾಕು. ಗೊಂಬೆ ಮತ್ತೆ ಎದ್ದು ಊಟಕ್ಕೆ ಕೂತರೆ ತಿದ್ದಬೇಡಿ. ಸತ್ತವರು ಬರಲ್ಲ ಅನ್ನೋದು ಐದಾರು ವರ್ಷಕ್ಕೆ ಪೂರ್ತಿ ಕೂತಿರಲ್ಲ.

ಆಟದ ಹೊರಗೆ ಮಾತ್ರ ನೇರವಾಗಿ ಹೇಳಿ. ‘ಅಜ್ಜ ಊರಿಗೆ ಹೋಗಿದ್ದಾರೆ’ ಅಂದ್ರೆ ಮಗು ಬಸ್ ಸ್ಟ್ಯಾಂಡ್ ನೋಡ್ತಾ ಕೂರುತ್ತೆ. ‘ಮಲಗಿದ್ದಾರೆ’ ಅಂದ್ರೆ ತಾನು ಮಲಗೋಕೆ ಹೆದರುತ್ತೆ. ‘ದೇವರಿಗೆ ಇಷ್ಟ ಆದ್ರು, ಕರ್ಕೊಂಡ್ರು’ ಅಂದ್ರೆ ದೇವರ ಮನೆಗೇ ಬರಲ್ಲ ಅನ್ನುತ್ತೆ. ‘ಅಜ್ಜ ಸತ್ತುಹೋದ್ರು. ಮೈ ಕೆಲಸ ಮಾಡೋದು ನಿಲ್ಲಿಸ್ತು. ಅವರಿಗೀಗ ನೋವಾಗಲ್ಲ, ಹಸಿವಾಗಲ್ಲ. ನೀನು ಏನೋ ಮಾಡಿದ್ದಕ್ಕೆ ಆದದ್ದಲ್ಲ.’ ಕೊನೆಯ ವಾಕ್ಯ ಮಗು ಕೇಳದಿದ್ದರೂ ಹೇಳಿ. ‘ಅವತ್ತು ಅಜ್ಜನ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ, ಅದಕ್ಕೇ’ ಅಂತ ಒಳಗೊಳಗೇ ನಂಬಿಕೊಂಡಿರೋದು ಈ ವಯಸ್ಸಲ್ಲಿ ಬಹಳ ಸಾಮಾನ್ಯ.

ಕಡಲತಡಿ

ಮರಳಿನ ತಟ್ಟೆ ಬಗ್ಗೆ ಯಾರೂ ಬರೆಯಲಿಲ್ಲ. ಲಂಡನ್ನಿನ ಮಾರ್ಗರೆಟ್ ಲೋವೆನ್‌ಫೆಲ್ಡ್ 1929ರ ಹೊತ್ತಿಗೆ ಶುರುಮಾಡಿದ್ದು, ಸ್ವಿಟ್ಜರ್ಲೆಂಡಿನ ಡೋರಾ ಕಾಲ್ಫ್ ಬೆಳೆಸಿದ್ದು. ಮಾತು ಕಡಿಮೆ ಇರೋ ಮಕ್ಕಳಿಗೆ ಇದು ಟ್ರಂಕಿಗಿಂತ ಬೇಗ ಹಿಡಿಸುತ್ತದೆ.

ಕಾಲ್ಫ್ ಅಳತೆ 72 ಸೆಂ.ಮೀ. ಉದ್ದ, 50 ಅಗಲ, 7 ಆಳ. ಮಗು ತಲೆ ತಿರುಗಿಸದೆ ಒಂದೇ ನೋಟದಲ್ಲಿ ಪೂರ್ತಿ ಕಾಣಬೇಕು, ಅದಕ್ಕೆ ಈ ಅಳತೆ. ಒಳಗಿನ ತಳ, ಪಕ್ಕ ನೀಲಿ ಬಣ್ಣ: ಮರಳು ಸರಿಸಿದರೆ ನೀರು ಕಾಣಬೇಕು. ಬಡಗಿ ಹತ್ತಿರ ವಾಟರ್‌ಪ್ರೂಫ್ ಪ್ಲೈನಲ್ಲಿ ಮಾಡಿಸಬಹುದು. ಅರ್ಧ ಆಳಕ್ಕೆ ಮರಳು ತುಂಬಿದರೆ ಹನ್ನೆರಡೂವರೆ ಲೀಟರ್, ತೂಕ ಸುಮಾರು 20 ಕೆಜಿ. ಹಾಗಾಗಿ ಅಲುಗಾಡುವ ಟೀಪಾಯಿ ಮೇಲೆ ಇಡಬೇಡಿ, ನೆಲವೇ ಒಳ್ಳೆಯದು.

ಎಂ-ಸ್ಯಾಂಡ್ ಬೇಡ. ಕಲ್ಲು ಪುಡಿ ಮಾಡಿದ್ದು, ಚೂಪು, ಧೂಳು ಏಳುತ್ತದೆ. ನದಿ ಮರಳನ್ನು ಸಣ್ಣ ಜರಡಿಯಲ್ಲಿ ಹಿಡಿದು, ನೀರು ತಿಳಿಯಾಗುವ ತನಕ ತೊಳೆದು, ಎರಡು-ಮೂರು ದಿನ ಬಿಸಿಲಿಗೆ ಹಾಕಿ. ಸಮುದ್ರದ ಮರಳಾದರೆ ಉಪ್ಪು ಹೋಗುವ ತನಕ ತೊಳೆಯಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಒದ್ದೆ ಮರಳು ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತದೆ. ಒಣ ಮರಳನ್ನು ಮಾತ್ರ ಮುಚ್ಚಿಡಿ. ಮುಚ್ಚದೆ ಬಿಟ್ಟರೆ ಬೆಕ್ಕು ತನ್ನ ಕೆಲಸ ಮಾಡುತ್ತದೆ.

ಸಣ್ಣ ಬೊಂಬೆಗಳಿಗೆ ದಸರಾ ಬೊಂಬೆ ಅಂಗಡಿ ಸಾಕು: ಜನ, ದನ, ಕಾಡುಪ್ರಾಣಿ, ಮರ, ಬೇಲಿ, ಸೇತುವೆ, ಮನೆ, ಗುಡಿ, ಮಸೀದಿ, ಇಗರ್ಜಿ, ವಾಹನ, ದೆವ್ವದಂಥದ್ದು ಒಂದೆರಡು. ಬೇಲಿ ಹತ್ತಾದರೂ ಬೇಕು, ಹೆದರಿದ ಮಕ್ಕಳು ಮೊದಲು ಹುಡುಕುವುದು ಅದನ್ನೇ. ಮಗು ಕಟ್ಟಿದ್ದನ್ನು ಮಗುವಿನ ಎದುರು ಕೆಡವಬಾರದು, ಅದು ಹೋದ ಮೇಲೆ ತೆಗೆಯಿರಿ.

ಸಾಧನಕೇರಿ

ಮರಳಾಗ ಅವ್ವನ ಗೊಂಬಿ ಹುಗದ್ರ ಏನು ಅರ್ಥ ಅಂತ ಯೂಟ್ಯೂಬ್‌ನ್ಯಾಗ ಪಟ್ಟಿನ ಹಾಕ್ಯಾರ. ಕರೇ ಬಣ್ಣ ಬಳದ್ರ ಖಿನ್ನತೆ, ಹಲ್ಲು ಬಿಡಿಸಿದ್ರ ಸಿಟ್ಟು. ನಂಬಬಹುದೇನ್ರಿ?

ಕಡಲತಡಿ

ನಂಬಬೇಡಿ. ಹೂಳುವುದೆಂದರೆ ಅಡಗಿಸುವುದು, ಕಾಪಾಡುವುದು, ಸಾಯಿಸುವುದು, ಇಲ್ಲಾ ಬರೀ ಮರಳಿನ ಮಜಾ. ಡಬ್ಬದಲ್ಲಿ ಕಪ್ಪು ಕ್ರಯಾನ್ ಒಂದೇ ಮುರಿಯದೆ ಉಳಿದಿದ್ದರೂ ಚಿತ್ರ ಕಪ್ಪಾಗುತ್ತದೆ. ಒಂದು ದಿನದ ಆಟಕ್ಕೆ ಅರ್ಥ ಕಟ್ಟುವುದಲ್ಲ, ನಾಲ್ಕೈದು ವಾರದಲ್ಲಿ ಏನು ಮರುಕಳಿಸುತ್ತಿದೆ, ಏನು ಬದಲಾಗುತ್ತಿದೆ ಎಂದು ನೋಡಬೇಕು.

ಲೆಕ್ಕದ ಮೇಷ್ಟ್ರು

ಕೆಲಸ ಮಾಡುತ್ತೆ ಅಂತೀರಲ್ಲ, ಎಷ್ಟು? ಸ್ಯೂ ಬ್ರ್ಯಾಟನ್ ಮತ್ತು ಸಂಗಡಿಗರು 2005ರಲ್ಲಿ 93 ಅಧ್ಯಯನಗಳನ್ನ ಒಟ್ಟು ಮಾಡಿ ನೋಡಿದಾಗ ಪರಿಣಾಮದ ಗಾತ್ರ (ಚಿಕಿತ್ಸೆ ಪಡೆದ ಮಕ್ಕಳಿಗೂ ಪಡೆಯದವರಿಗೂ ಎಷ್ಟು ವ್ಯತ್ಯಾಸ ಅನ್ನೋ ಅಳತೆ) 0.80 ಬಂತು, ತಂದೆತಾಯಿಯೇ ನಡೆಸಿದ್ದರಲ್ಲಿ 1.15. ಇದನ್ನ ಎಲ್ಲ ಬ್ರೋಷರ್‌ಗಳೂ ಹಾಕ್ಕೊಳ್ತವೆ. 2015ರಲ್ಲಿ ಲಿನ್ ಮತ್ತು ಅದೇ ಬ್ರ್ಯಾಟನ್, ಮಗು-ಕೇಂದ್ರಿತ ಪದ್ಧತಿಯ 52 ಅಧ್ಯಯನ ತೆಗೆದುಕೊಂಡು ಬಿಗಿಯಾಗಿ ಲೆಕ್ಕ ಹಾಕಿದಾಗ 0.47ಕ್ಕೆ ಇಳಿಯಿತು. ಅದನ್ನ ಯಾರೂ ಹಾಕ್ಕೊಳ್ಳಲ್ಲ. 0.47 ಅಂದ್ರೆ ಮಧ್ಯಮ ಮಟ್ಟದ ಉಪಯೋಗ, ತಳ್ಳಿಹಾಕೋ ಹಾಗಿಲ್ಲ, ಪವಾಡವೂ ಅಲ್ಲ. 2005ರ ಲೆಕ್ಕದಲ್ಲಿ ಹೆಚ್ಚು ಫಲ ಕಂಡದ್ದು 35ರಿಂದ 40 ಅವಧಿಗಳ ಹೊತ್ತಿಗೆ. ‘ನಾಲ್ಕು ಸಿಟ್ಟಿಂಗ್‌ನಲ್ಲಿ ಸರಿ ಮಾಡ್ತೀವಿ’ ಅನ್ನೋರಿಂದ ದೂರ ಇರಿ.

ಮನೆಯಲ್ಲೂ ಅಳತೆ ಇಟ್ಟುಕೊಳ್ಳಬಹುದು. ಎಸ್‌ಡಿಕ್ಯೂ ಅಂತ ಮಗುವಿನ ನಡತೆ, ಭಾವನೆ ಅಳೆಯೋ 25 ಪ್ರಶ್ನೆಗಳ ನಮೂನೆ ಇದೆ, ಕನ್ನಡದಲ್ಲೂ ಸಿಗುತ್ತೆ. ಶುರು ಮಾಡುವಾಗ ಒಂದು ಸಲ, ಹತ್ತನೇ ವಾರ ಒಂದು ಸಲ ತುಂಬಿಸಿ, ತಾಯಿ ಬೇರೆ, ಟೀಚರ್ ಬೇರೆ. ಜೊತೆಗೆ ಒಂದೇ ಒಂದು ಕಾಣೋ ಸಂಗತಿ ಗುರುತು ಹಾಕಿ: ವಾರದಲ್ಲಿ ಎಷ್ಟು ರಾತ್ರಿ ಹಾಸಿಗೆ ಒದ್ದೆ, ಎಷ್ಟು ದಿನ ಗೇಟಲ್ಲಿ ಅಳು. ಇಲ್ಲದಿದ್ರೆ ಒಳ್ಳೇ ವಾರದಲ್ಲಿ ಎಲ್ಲ ಸರಿಹೋಯ್ತು ಅನ್ನಿಸುತ್ತೆ, ಕೆಟ್ಟ ವಾರದಲ್ಲಿ ಏನೂ ಆಗಿಲ್ಲ ಅನ್ನಿಸುತ್ತೆ.

ಮನೋಗತ

ಮೇಷ್ಟ್ರ ಮಾತಿಗೆ ಒಂದು ಸೇರಿಸ್ತೀನಿ. ನಡುವೆ ಒಂದಷ್ಟು ವಾರ ಆಟ ಒರಟಾಗುತ್ತೆ ಅಥವಾ ಏಳು ವರ್ಷದ ಮಗು ಬಾಟಲಿ ಬಾಯಿಗಿಟ್ಟು ಕೂಸಿನ ಥರ ತೊದಲುತ್ತೆ. ಗರ್ನಿ ದಂಪತಿಯ ಕಾಲದಿಂದ ಗುರುತಿಸಿರೋ ಹಂತಗಳಿವು. ‘ಸರಿ ಮಾಡೋಕೆ ಹೋಗಿ ಕೆಡಿಸಿದ್ವಿ’ ಅಂತ ಮನೆಯವರು ಕೈಬಿಡೋದು ಸರಿಯಾಗಿ ಇಲ್ಲೇ. ಆಟದ ಹೊರಗೆ ನಿದ್ದೆ, ಊಟ, ಶಾಲೆ ನಡೀತಿದ್ರೆ ಮುಂದುವರಿಸಿ.

ನಿಲ್ಲಿಸಬೇಕಾದದ್ದು ಬೇರೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾದಲ್ಲಿ 26 ಮಕ್ಕಳಿದ್ದ ಶಾಲಾ ಬಸ್ಸನ್ನ ಅಪಹರಿಸಿದ್ರು. ಆ ಮಕ್ಕಳನ್ನ ವರ್ಷಗಟ್ಟಲೆ ನೋಡಿದ ಮನೋವೈದ್ಯೆ ಲೆನೋರ್ ಟೆರ್, ಆಘಾತದ ನಂತರದ ಆಟವನ್ನ ಬೇರೆಯಾಗಿ ಗುರುತಿಸಿದ್ರು: ಅದದೇ ಘಟನೆ, ಅದೇ ಕ್ರಮ, ಮುಖದಲ್ಲಿ ಖುಷಿ ಇಲ್ಲ, ಆಟ ಮುಗಿದ ಮೇಲೆ ಹಗುರಾಗೋದಿಲ್ಲ, ಹೆದರಿಕೆ ಹೆಚ್ಚಾಗಿರುತ್ತೆ. ನಾಲ್ಕೈದು ವಾರ ಒಂದಕ್ಷರ ಬದಲಾಗದೆ ಹೀಗೆ ನಡೆದರೆ ಮನೆ ಆಟ ಸಾಲದು. ಅಪಘಾತ, ಹಿಂಸೆ, ದೌರ್ಜನ್ಯದ ನಂತರದ ಪಿಟಿಎಸ್‌ಡಿಗೆ (ಆಘಾತ ಮನಸ್ಸಲ್ಲಿ ಉಳಿದು ಕಾಡೋ ಕಾಯಿಲೆ) ಮೊದಲ ಆಯ್ಕೆ ಆಘಾತ-ಕೇಂದ್ರಿತ ಸಿಬಿಟಿ (ಯೋಚನೆ, ನಡತೆ ಬದಲಾಯಿಸೋ ಮಾತಿನ ಚಿಕಿತ್ಸೆ), ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2018ರಲ್ಲಿ ಹೇಳಿದ್ದೂ ಅದನ್ನೇ. ತನಗೆ ತಾನೇ ಗಾಯ ಮಾಡ್ಕೊಳ್ಳೋದು, ಸಾಯ್ತೀನಿ ಅನ್ನೋದು, ತಿನ್ನೋದು ಬಿಡೋದು, ಬಂದಿದ್ದ ಮಾತು ನಿಂತುಹೋಗೋದು ಕಂಡ್ರೆ ಹತ್ತು ವಾರ ಕಾಯೋದಲ್ಲ, ಆ ವಾರವೇ ಡಾಕ್ಟರ್. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ, ಬೆಂಗಳೂರಿಗೆ ಬರಬಲ್ಲವರಿಗೆ ನಿಮ್ಹಾನ್ಸ್‌ನ ಮಕ್ಕಳ ವಿಭಾಗ, ದಾರಿ ಕೇಳೋಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಖಾಸಗಿಯಾಗಿ ಹೋಗೋರಿಗೆ: ನಮ್ಮಲ್ಲಿ ‘ಪ್ಲೇ ಥೆರಪಿಸ್ಟ್’ ಅಂತ ಪ್ರತ್ಯೇಕ ಸರ್ಕಾರಿ ನೋಂದಣಿ ಇಲ್ಲ. ಮೂಲ ಓದು ಏನು, ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನಂಬರ್ ಏನು, ಯಾರ ಮೇಲ್ವಿಚಾರಣೆಯಲ್ಲಿ ಕಲಿತ್ರಿ, ತಂದೆತಾಯಿ ಜೊತೆ ಎಷ್ಟು ವಾರಕ್ಕೊಮ್ಮೆ ಕೂರ್ತೀರಿ ಅಂತ ಕೇಳಿ. ಕೊನೇ ಪ್ರಶ್ನೆಗೆ ‘ಬೇಕಾಗಿಲ್ಲ’ ಅಂದ್ರೆ ಎದ್ದು ಬನ್ನಿ.

ತುಂಗೆಯ ತೀರ

ದೌರ್ಜನ್ಯದ ಮಾತು ಆಟದ ನಡುವೆ ಹೊರಬಿದ್ದರೆ: ಗಾಬರಿ ತೋರಿಸಬೇಡಿ, ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. ‘ಆ ಮಾಮನಾ? ಇಲ್ಲಿ ಮುಟ್ಟಿದ್ನಾ?’ ಅಂತ ಬಾಯಿಗೆ ಮಾತು ಹಾಕಬೇಡಿ, ಗೊಂಬೆ ಕೊಟ್ಟು ‘ತೋರಿಸು’ ಅನ್ನಬೇಡಿ. ಮುಂದೆ ಕೋರ್ಟಿನಲ್ಲಿ ಮಗು ಕಲಿಸಿಕೊಟ್ಟ ಮಾತು ಹೇಳಿತು ಅಂತಾಗುತ್ತೆ. ‘ನನಗೆ ಹೇಳಿದ್ದು ಒಳ್ಳೇದಾಯ್ತು, ಇದು ನಿನ್ನ ತಪ್ಪಲ್ಲ’ ಅಷ್ಟು ಹೇಳಿ. ಮಗು ಆಡಿದ ಪದಗಳನ್ನ ಹಾಗೇ, ದಿನ-ಹೊತ್ತು ಸಮೇತ, ಅವತ್ತೇ ಬರೆದಿಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಟೀಚರ್ ಆದ್ರೂ ಅತ್ತೆ ಆದ್ರೂ. ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಿ.

ಡಾಲಸ್ ಅಮ್ಮ

ಹೊರದೇಶದಲ್ಲಿರೋರಿಗೆ ಒಂದು ಸಣ್ಣ ಸೇರ್ಪಡೆ. ಮಗು ಆಟದಲ್ಲಿ ಇಂಗ್ಲಿಷಿಗೆ ಹೋದ್ರೆ ನೀವೂ ಹೋಗಿ, ‘ಕನ್ನಡದಲ್ಲಿ ಹೇಳು’ ಅಂತ ತಿದ್ದೋದು ಆ ಅರ್ಧ ಗಂಟೆ ಬೇಡ. ಶಾಲೆಯ ಜಗಳ ಇಂಗ್ಲಿಷಲ್ಲೇ ನಡೆದಿರುತ್ತೆ, ಆಟದಲ್ಲೂ ಹಾಗೇ ಬರುತ್ತೆ. ಅಜ್ಜಿ ಮಾತ್ರ ಕನ್ನಡದಲ್ಲೇ ಬೈತಾರೆ, ಗೊಂಬೆ ಆದ್ರೂ.

ಶಾಲೆಯಂಗಳ

ತುಂಬಾ ಉಪಕಾರ ಆಯ್ತು. ಎರಡು ಪ್ರಶ್ನೆ ಉಳಿದಿವೆ. ಆಟ ಮುಗಿದ ಮೇಲೆ ಮನೆಯವರು ‘ಏನು ಆಡಿದ್ರಿ?’ ಅಂತ ಕೇಳೋದನ್ನ ಹೇಗೆ ತಡೆಯೋದು? ಹತ್ತು ವಾರ ಆದ ಮೇಲೆ ನಿಲ್ಲಿಸೋದು ಹೇಗೆ?

ಮನೋಗತ

ಮೊದಲನೆಯದು: ಶುರು ಮಾಡೋ ಮುಂಚೆಯೇ ಅಜ್ಜಿ-ತಾತನಿಗೆ ಹೇಳಿಡಿ, ಅದು ಕೇಳಬಾರದ್ದು ಅಂತ. ಮಗು ತಾನಾಗಿ ಹೇಳಿದ್ರೆ ಕೇಳಿಸ್ಕೊಳ್ಳಲಿ. ಆಟದಲ್ಲಿ ಕಂಡದ್ದನ್ನ ಊಟದ ಹೊತ್ತಲ್ಲಿ ‘ಇವತ್ತು ಮೊಸಳೆ ಅಪ್ಪನ್ನ ತಿಂದ್ಹಾಕ್ತು ಗೊತ್ತಾ’ ಅಂತ ನಗೆಮಾತು ಮಾಡಿದ್ರೆ ಮುಂದಿನ ವಾರ ಮೊಸಳೆ ಟ್ರಂಕಿಂದ ಹೊರಗೇ ಬರಲ್ಲ. ಚಿತ್ರವನ್ನ ಫ್ರಿಡ್ಜಿಗೆ ಅಂಟಿಸೋದು, ವಾಟ್ಸಾಪ್ ಸ್ಟೇಟಸ್ಸಿಗೆ ಹಾಕೋದು, ಎರಡೂ ಬೇಡ. ಮಗುವಿನ ಹೆಸರು ಬರೆದ ಫೈಲಿನಲ್ಲಿಡಿ.

ಎರಡನೆಯದು: ಹತ್ತನೇ ವಾರಕ್ಕೆ ನಿಲ್ಲಿಸಲೇಬೇಕು ಅಂತಿಲ್ಲ, ತರಬೇತಿ ಹತ್ತು ವಾರ ಅಷ್ಟೇ. ಗುರುತು ಹಾಕಿದ ತೊಂದರೆ ಇಳಿದು, ಆಟದಲ್ಲಿ ಯುದ್ಧ ಕಡಿಮೆಯಾಗಿ ಮನೆ, ಅಂಗಡಿ, ಊಟ ಬರ್ತಿದ್ರೆ, ಮಗುವೇ ‘ಇವತ್ತು ಹೊರಗೆ ಸೈಕಲ್ ಹೊಡೀತೀನಿ’ ಅಂತ ಕೇಳ್ತಿದ್ರೆ ಹೊತ್ತು ಬಂತು ಅನ್ನಿ. ಮೂರು ವಾರ ಮುಂಚೆ ಹೇಳಿ. ಒಂದು ಹಾಳೇಲಿ ಮೂರು ವೃತ್ತ ಬರೆದು ಗೋಡೆಗೆ ಹಾಕಿ, ಪ್ರತಿ ಸಲ ಮುಗಿದ ಮೇಲೆ ಒಂದಕ್ಕೆ ಮಗುವೇ ಬಣ್ಣ ತುಂಬಲಿ. ಅಜ್ಜನನ್ನ ಹೇಳದೆ ಕೇಳದೆ ಕಳ್ಕೊಂಡ ಮಗುವಿಗೆ ಇದನ್ನೂ ಹಾಗೇ ಕಿತ್ಕೊಳ್ಳಬಾರದು. ಕೊನೇ ದಿನ ಕೇಕು, ಉಡುಗೊರೆ ಬೇಡ, ಅವತ್ತೂ ಅದೇ 30 ನಿಮಿಷ. ಟ್ರಂಕನ್ನ ಅಟ್ಟಕ್ಕೆ ಹಾಕಿ, ಯಾರಿಗೂ ಕೊಡಬೇಡಿ. ಶಾಲೆ ಬದಲಾದಾಗ, ಮನೆ ಬದಲಾದಾಗ ಮತ್ತೆ ಮೂರು-ನಾಲ್ಕು ವಾರ ಬೇಕಾಗಬಹುದು. ಆಗ ಒಂದು ಆಟಿಕೆಯೂ ಬದಲಾಗದ ಅದೇ ಟ್ರಂಕೇ ಇಳಿಸಿ.